ತೆಪ್ಪಕ್ಕೆ ಉಪಗ್ರಹ, ಮೀನಿಗೆ ಕಣ್ಣಂದಾಜು

ಮೇ 2 ವಿಶ್ವ ಟ್ಯೂನಾ ದಿನ. ಗೊತ್ತಿರಲಿಲ್ಲವೆಂದು ನಾಚಿಕೊಳ್ಳಬೇಡಿ, ಮೀನಿಗೂ ಗೊತ್ತಿಲ್ಲ. ವಿಶ್ವಸಂಸ್ಥೆ 2016ರಲ್ಲೇ ಘೋಷಿಸಿಬಿಟ್ಟಿದೆ. ಹಿಡಿಯುವವರು, ಡಬ್ಬಿಗೆ ತುಂಬುವವರು, ಮಾರುವವರು ಎಲ್ಲ ಸೇರಿ ಶುಭಾಶಯ ಕೋರುತ್ತಾರೆ, ಕೋಳಿಯ ಹುಟ್ಟುಹಬ್ಬಕ್ಕೆ ಮಸಾಲೆ ಅರೆದ ಹಾಗೆ.

1950ರಲ್ಲಿ ಇಡೀ ಜಗತ್ತು ಹಿಡಿದ ಟ್ಯೂನಾ 6 ಲಕ್ಷ ಟನ್ ದಾಟಿರಲಿಲ್ಲ. ಈಗ ವರ್ಷಕ್ಕೆ 50 ಲಕ್ಷ ಟನ್ನಿನ ಮೇಲೆ. ಇದನ್ನು ಕಾಯಲು ಸಮುದ್ರ ಹಂಚಿಕೊಂಡ ಐದು ಅಂತರರಾಷ್ಟ್ರೀಯ ಆಯೋಗಗಳಿವೆ. ಅಟ್ಲಾಂಟಿಕ್‌ನದು ಐಕ್ಯಾಟ್ (ICCAT), ಟ್ಯೂನಾ ಸಂರಕ್ಷಣೆಯ ಆಯೋಗ. ಆ ಅಕ್ಷರಗಳನ್ನೇ ಬಿಡಿಸಿ ‘ಇದ್ದಬದ್ದ ಟ್ಯೂನಾ ಎಲ್ಲ ಹಿಡಿಯುವ ಅಂತರರಾಷ್ಟ್ರೀಯ ಸಂಚು’ ಎಂದು ಓದುವ ಕುಹಕಿಗಳಿದ್ದಾರೆ. ನಾನು ಆ ಪಂಗಡದವನಲ್ಲ. ಸಂಚು ಮಾಡೋಕೂ ಒಂದಿಷ್ಟು ಶಿಸ್ತು ಬೇಕು.

ನನಗೆ ನಿಜಕ್ಕೂ ಮೆಚ್ಚುಗೆ ಇರುವುದು ತೆಪ್ಪದ ಬಗ್ಗೆ. ತೇಲುವ ವಸ್ತುವಿನ ಕೆಳಗೆ ಟ್ಯೂನಾ ಬಂದು ಸೇರುತ್ತದೆ. ಅದಕ್ಕೇ ಬಿದಿರಿನ ಚೌಕಟ್ಟಿಗೆ ಹಗ್ಗ ಜೋತುಬಿಟ್ಟು ನಡುಸಮುದ್ರಕ್ಕೆ ತಳ್ಳುತ್ತಾರೆ. ಜೊತೆಗೊಂದು ತೇಲುಬುರುಡೆ: ಮೇಲೆ ಸೌರಫಲಕ, ಒಳಗೆ ಜಿಪಿಎಸ್, ಕೆಳಗೆ ಪ್ರತಿಧ್ವನಿ ಆಲಿಸುವ ಯಂತ್ರ. ಸಾವಿರಾರು ಕಿಲೋಮೀಟರ್ ಆಚೆ ಕ್ಯಾಪ್ಟನ್ ಕಾಫಿ ಹೀರುತ್ತ ಪರದೆ ನೋಡಿದರೆ ಸಾಕು, ತೆಪ್ಪ ಎಲ್ಲಿದೆ, ಅಡಿಯಲ್ಲಿ ಹೆಚ್ಚುಕಡಿಮೆ ಎಷ್ಟು ಟನ್ ನಿಂತಿದೆ, ಎಲ್ಲ ಬರುತ್ತದೆ. ಹೋಗಿ ಸುತ್ತ ಬಲೆ ಬಿಟ್ಟು, ಚೀಲದ ಲಾಡಿ ಬಿಗಿದಂತೆ ಅಡಿಯನ್ನು ಎಳೆದುಕೊಂಡರೆ ಮುಗಿಯಿತು.

ಮೀನು ನೀರಲ್ಲಿರುವ ತನಕ ಇಷ್ಟು ವಿಜ್ಞಾನ. ಹಡಗಿಗೆ ಬಿದ್ದ ಕೂಡಲೇ ಕಣ್ಣಂದಾಜು. ಸ್ಕಿಪ್‌ಜ್ಯಾಕ್ ಜೊತೆ ಯೆಲ್ಲೋಫಿನ್, ಬಿಗ್‌ಐ ಎಂಬ ಬೇರೆ ಟ್ಯೂನಾ ಜಾತಿಗಳ ಮರಿಗಳೂ ಒಂದೇ ರಾಶಿಯಲ್ಲಿ ಬೀಳುತ್ತವೆ; ಆ ಎರಡರ ಮರಿಗಳಂತೂ ಅವಳಿಗಳು. ಯಾವುದು ಎಷ್ಟು? ಕ್ಯಾಪ್ಟನ್ ಲಾಗ್‌ಬುಕ್ಕಿನಲ್ಲಿ ಬರೆದದ್ದೇ ಮೊದಲ ಲೆಕ್ಕ. ಪರೀಕ್ಷೆ ಬರೆದವನೇ ಅಂಕ ಹಾಕಿಕೊಳ್ಳುವ ಪದ್ಧತಿ, ನಮ್ಮ ಕಾಲದಲ್ಲಿ ಇದ್ದಿದ್ದರೆ ನಾನೂ ಡಾಕ್ಟರ್ ಆಗಿರುತ್ತಿದ್ದೆ.

2006ರಲ್ಲಿ ಬಯಲಾದದ್ದು ನೆನಪಿದೆಯಲ್ಲ? ಜಪಾನಿನ ಮಾರುಕಟ್ಟೆಯಲ್ಲಿ ಮಾರಾಟವಾದ ದಕ್ಷಿಣದ ಬ್ಲೂಫಿನ್ ಟ್ಯೂನಾ, ಹಿಡಿದೆವೆಂದು ಬರೆದುಕೊಟ್ಟಿದ್ದಕ್ಕಿಂತ ಎಷ್ಟೋ ಹೆಚ್ಚು. ಒಂದೆರಡು ದಿನದ ತಪ್ಪಲ್ಲ, ವರ್ಷಾನುಗಟ್ಟಲೆ. ಶಿಕ್ಷೆ? ಜಪಾನಿನ ವಾರ್ಷಿಕ ಪಾಲನ್ನು 6,065 ಟನ್ನಿನಿಂದ 3,000ಕ್ಕೆ ಇಳಿಸಿದರು.

2010ರಲ್ಲಿ ದೋಹಾದಲ್ಲಿ ನಡೆದ, ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸಮ್ಮೇಳನದಲ್ಲಿ ಅಟ್ಲಾಂಟಿಕ್ ಬ್ಲೂಫಿನ್ ಮೀನಿನ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಬೇಕೆಂದು ಮೊನಾಕೊ ಪ್ರಸ್ತಾಪ ತಂದಿತು. ಮತದಾನದ ಹಿಂದಿನ ರಾತ್ರಿ ಜಪಾನ್ ರಾಯಭಾರ ಕಚೇರಿ ಪ್ರತಿನಿಧಿಗಳಿಗೆ ಔತಣ ಕೊಟ್ಟಿತು. ಬಡಿಸಿದ್ದು ಬ್ಲೂಫಿನ್. ಮರುದಿನ ಪರವಾಗಿ 20, ವಿರುದ್ಧ 68. ಉಂಡ ಮನೆಗೆ ಎರಡು ಬಗೆಯಬಾರದೆಂಬ ಸಂಸ್ಕಾರ ಇನ್ನೂ ಉಳಿದಿದೆ.

ಹಿಂದೂ ಮಹಾಸಾಗರದ ಆಯೋಗ 2023ರಲ್ಲಿ ಮೊಂಬಾಸಾದಲ್ಲಿ ಧೈರ್ಯ ಮಾಡಿತು: ವರ್ಷಕ್ಕೆ 72 ದಿನ ತೆಪ್ಪಗಳಿಗೆ ರಜೆ. ಅಲ್ಲಿ ನಿಯಮ ಒಪ್ಪದವರು ಆಕ್ಷೇಪ ಪತ್ರ ಬರೆದು ಆಚೆ ನಿಲ್ಲಬಹುದು. ಐರೋಪ್ಯ ಒಕ್ಕೂಟ ಬರೆಯಿತು, ಇನ್ನೂ ಹಲವರು ಬರೆದರು. ನಿಯಮ ಜಾರಿಗೇ ಬರಲಿಲ್ಲ. ಟ್ರಾಫಿಕ್ ಪೊಲೀಸರಿಗೆ ‘ಕೆಂಪು ದೀಪಕ್ಕೆ ನನ್ನ ಆಕ್ಷೇಪವಿದೆ’ ಎಂದು ಬರೆದುಕೊಟ್ಟು ನೋಡಬೇಕು.

ಉದ್ದಗಾಳದ ಹಡಗುಗಳಲ್ಲಿ ಒಂದೊಂದು ದಾರಕ್ಕೆ ಸಾವಿರಾರು ಕೊಕ್ಕೆ. ಅಲ್ಲಿ ಹಡಗಿನಲ್ಲೇ ಇದ್ದು ಲೆಕ್ಕ ಬರೆಯುವ ವೀಕ್ಷಕರ ಕಣ್ಣಿಗೆ ಬೀಳಬೇಕಾದ್ದು ಪೆಸಿಫಿಕ್‌ನಲ್ಲಿ, ಹಿಂದೂ ಮಹಾಸಾಗರದಲ್ಲಿ ಕನಿಷ್ಠ ನೂರಕ್ಕೆ 5 ಪಾಲು. ಉಳಿದ 95ನ್ನು ನೋಡುವವನು ದೇವರು, ಅವನು ವರದಿ ಕಳಿಸುವುದಿಲ್ಲ.

ಇಲ್ಲಿಂದ ಮುಂದೆ ತಮಾಷೆ ಸಾಕು. ಲೆಕ್ಕ ಬರೆಯಲು ಹಡಗು ಹತ್ತಿದ ವೀಕ್ಷಕರಲ್ಲಿ ಕೆಲವರು ವಾಪಸ್ ಬಂದಿಲ್ಲ. 2015ರಲ್ಲಿ ಒಬ್ಬಾತ ಪೆಸಿಫಿಕ್‌ನಲ್ಲಿ ಹಡಗಿನ ಮೇಲಿಂದಲೇ ಕಾಣೆಯಾದ. ಹುಡುಕಿದರು, ಸಿಗಲಿಲ್ಲ. ಅದೇ ಸಮುದ್ರದಲ್ಲಿ ಬಿದಿರಿನ ತೆಪ್ಪಗಳು ಉಪಗ್ರಹಕ್ಕೆ ದಿನವೂ ತಮ್ಮ ವಿಳಾಸ ಒಪ್ಪಿಸುತ್ತಿದ್ದವು.

ಟ್ಯೂನಾ ದಿನದ ಶುಭಾಶಯ ಇನ್ನು ನನಗೆ ಕಳಿಸಬೇಡಿ.