ಗಾಡಿ ನಿಂದು, ಬಿದ್ರೆ ನೀನೇ

ನವೆಂಬರ್ ತಿಂಗಳಲ್ಲಿ ದಾವಣಗೆರೆ ಸುತ್ತಮುತ್ತ ರಾತ್ರಿ ಬೈಕ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ಮೆಕ್ಕೆಜೋಳದ ಸೀಸನ್. ಅರ್ಧ ರಸ್ತೆ ಕಣ ಆಗಿರುತ್ತದೆ. ಸಂಜೆ ಕಾಳು ಗುಡ್ಡೆ ಮಾಡಿ, ಮೇಲೆ ತಾಡಪಾಲು ಹೊದಿಸಿ, ಗಾಡಿ ಹತ್ತದಿರಲಿ ಅಂತ ಸುತ್ತ ಕಲ್ಲು ಇಟ್ಟು ಹೋಗಿರುತ್ತಾರೆ. ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆದರೆ ಕಲ್ಲೂ ಕಾಣಲ್ಲ, ತಾಡಪಾಲೂ ಕಾಣಲ್ಲ.

ನಾನು ಔಷಧ ಕಂಪನಿಯೊಂದರ ಮೆಡಿಕಲ್ ರೆಪ್ ಆಗಿದ್ದಾಗಿನ ಮಾತು. ಡಾಕ್ಟರುಗಳನ್ನು ಕಂಡು ಕಂಪನಿಯ ಔಷಧದ ಬಗ್ಗೆ ಹೇಳುವ ಕೆಲಸ. ಹರಪನಹಳ್ಳಿಯಲ್ಲಿ ಕೊನೆಯ ಡಾಕ್ಟರನ್ನು ನೋಡಿ ಹೊರಟಾಗ ಒಂಬತ್ತೂಕಾಲು. ದಾರಿಯಲ್ಲಿ ಅಂಥದೇ ಒಂದು ಕಲ್ಲಿಗೆ ಮುಂದಿನ ಚಕ್ರ ಹೊಡೆಯಿತು. ಕಾಲರ್ ಬೋನ್ ಮುರಿಯಿತು. ಬೈಕನ್ನು ಹತ್ತಿರದ ಢಾಬಾದಲ್ಲಿ ಬಿಟ್ಟು, ಈರುಳ್ಳಿ ಹೇರಿಕೊಂಡು ಬರುತ್ತಿದ್ದ ಟಾಟಾ ಏಸ್‌ನಲ್ಲಿ ಚೀಲಕ್ಕೆ ಒರಗಿ ಕೂತು ದಾವಣಗೆರೆ ಸೇರಿದೆ.

ನಮ್ಮ ಮ್ಯಾನೇಜರ್ ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಮಾರನೇ ದಿನ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬಂದು ಒಂದು ಗಂಟೆ ಕೂತಿದ್ದರು. ಆದರೆ ತಿಂಗಳ ಕೊನೆಗೆ ಎಕ್ಸ್‌ಪೆನ್ಸ್ ಸ್ಟೇಟ್‌ಮೆಂಟ್ ವಾಪಸ್ ಬಂತು. ಆ ದಿನದ ಹೋಗುವ 48 ಕಿಲೋಮೀಟರ್ ಪಾಸ್ ಆಗಿತ್ತು. ಬರುವ 48 ಕಿಲೋಮೀಟರ್ ಕಟ್. ಬೈಕ್ ಬಂದಿಲ್ಲವಲ್ಲ! ಕಿಲೋಮೀಟರಿಗೆ ಎರಡೂವರೆ ರೂಪಾಯಿಯಂತೆ 120 ರೂಪಾಯಿ. ಹಣ ದೊಡ್ಡದಲ್ಲ, ಬಿಡಿ. ಆದರೆ ನಾನು ಬಿದ್ದದ್ದು ಆ ಕಂಪನಿಯ ಕಾಗದಪತ್ರದಲ್ಲಿ ದಾಖಲಾದದ್ದು ಅದೊಂದೇ ಕಡೆ, 120 ರೂಪಾಯಿ ಉಳಿತಾಯದ ಲೆಕ್ಕದಲ್ಲಿ.

ಫೀಲ್ಡಿನಲ್ಲಿ ಇಲ್ಲದವರಿಗೆ ಒಂದು ವಿಷಯ ಹೇಳಬೇಕು. ನಮ್ಮ ಕೆಲಸದಲ್ಲಿ ಊರುಗಳು ಮೂರು ತರ. ಎಚ್‌ಕ್ಯೂ, ಎಕ್ಸ್ ಸ್ಟೇಷನ್, ಔಟ್ ಸ್ಟೇಷನ್. ಎಚ್‌ಕ್ಯೂ ಅಂದರೆ ನಾವಿರುವ ಊರು. ಔಟ್ ಸ್ಟೇಷನ್ ಆದರೆ ಲಾಡ್ಜ್‌ನಲ್ಲಿ ಉಳಿಯಬಹುದು, ಡಿಎ, ಅಂದರೆ ದಿನದ ಭತ್ಯೆ, ಜಾಸ್ತಿ. ಎಕ್ಸ್ ಅಂದರೆ ಹೋಗಿ ಅದೇ ದಿನ ವಾಪಸ್ ಬರಬೇಕು, ಡಿಎ ಕಡಿಮೆ. ಯಾವ ಊರು ಯಾವುದು ಅಂತ ತೀರ್ಮಾನಿಸುವುದು ಆಫೀಸಿನಲ್ಲಿ ಕೂತವರು, ಮ್ಯಾಪಿನಲ್ಲಿ ಕಿಲೋಮೀಟರ್ ನೋಡಿ. ಆದರೆ ತಾಲ್ಲೂಕು ಊರುಗಳಲ್ಲಿ ಡಾಕ್ಟರುಗಳು ರೆಪ್‌ಗಳನ್ನು ನೋಡುವುದೇ ಸಂಜೆ ಪೇಷೆಂಟ್ ಮುಗಿದ ಮೇಲೆ. ಎಂಟಕ್ಕೋ ಒಂಬತ್ತಕ್ಕೋ. ಹಾಗಾಗಿ ಜಗಳೂರನ್ನೋ ಹರಪನಹಳ್ಳಿಯನ್ನೋ 'ಎಕ್ಸ್' ಅಂತ ಬರೆದ ಕ್ಷಣವೇ ಒಬ್ಬ ಹುಡುಗ ರಾತ್ರಿ ಹತ್ತು ಗಂಟೆಗೆ ರಸ್ತೆ ಮೇಲೆ ಇರುತ್ತಾನೆ ಅಂತಲೂ ಬರೆದ ಹಾಗೇ. ಲಾಡ್ಜಿನ ಕೆಲವು ನೂರು ರೂಪಾಯಿ ಉಳಿಸಲು. ಇದನ್ನು ನಾವು ಹಣೆಬರಹ ಅಂತೀವಿ. ನನಗೆ ಇದು ಆಫೀಸು ಹಾಕಿಕೊಟ್ಟ ಟೂರ್ ಪ್ರೋಗ್ರಾಂ ಅನ್ನಿಸುತ್ತದೆ.

ಇನ್ನು ಫೋನು. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲ್ ತುರುಕಿಕೊಂಡು, ಕುತ್ತಿಗೆ ಒಂದು ಕಡೆ ವಾಲಿಸಿಕೊಂಡು ಹೋಗುವ ಹುಡುಗರನ್ನು ನೀವು ನೋಡಿರುತ್ತೀರಿ. ಬೈದಿರುತ್ತೀರಿ ಕೂಡ. ಆ ಕಡೆ ಲೈನಿನಲ್ಲಿ ಯಾರಿದ್ದಾರೆ ಅಂತ ಯೋಚಿಸಿದ್ದೀರಾ? ತಿಂಗಳ ಕೊನೆಯ ಕ್ಲೋಸಿಂಗ್ ವಾರದಲ್ಲಿ ನನಗೆ ದಿನಕ್ಕೆ ಏಳೆಂಟು ಕರೆ ಬರುತ್ತಿದ್ದವು. "ಎಲ್ಲಿದೀಯಾ? ಸ್ಟಾಕಿಸ್ಟ್ ಆರ್ಡರ್ ಕೊಟ್ರಾ?" ಸ್ಟಾಕಿಸ್ಟ್ ಅಂದರೆ ಮೆಡಿಕಲ್ ಶಾಪ್‌ಗಳಿಗೆ ಔಷಧ ಕೊಡುವ ಸಗಟು ವ್ಯಾಪಾರಿ. ಎತ್ತದಿದ್ದರೆ ಮನೆಯಲ್ಲಿ ಮಲಗಿದ್ದಾನೆ ಅಂತ ಲೆಕ್ಕ.

ಈಗ ಅದೂ ಬೇಕಿಲ್ಲ. ಆ್ಯಪ್ ಬಂದಿದೆ. ಕ್ಲಿನಿಕ್ ಮುಂದೆ ನಿಂತೇ ರಿಪೋರ್ಟ್ ಹಾಕಬೇಕು, ಇಲ್ಲದಿದ್ದರೆ ಆ ಕಾಲ್, ಅಂದರೆ ಡಾಕ್ಟರ್ ಭೇಟಿ, ಲೆಕ್ಕಕ್ಕಿಲ್ಲ. ಅಂದರೆ ಬೆಳಿಗ್ಗೆ ಎಂಟಕ್ಕೆ ಹೊರಟವನು ರಾತ್ರಿ ಒಂಬತ್ತಕ್ಕೆ ಮನೆಯಿಂದ 48 ಕಿಲೋಮೀಟರ್ ದೂರದಲ್ಲಿದ್ದಾನೆ ಅಂತ ಕಂಪನಿಗೆ ನಿಮಿಷ ಸಮೇತ ಗೊತ್ತು. ಹಿಂದೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ಗೊತ್ತಿದ್ದೂ ಸುಮ್ಮನಿದ್ದರೆ ಅದಕ್ಕೆ ಏನನ್ನಬೇಕು?

ಕಾನೂನು ಇಲ್ಲ ಅಂತ ತಿಳಿಯಬೇಡಿ. ಸೇಲ್ಸ್ ಪ್ರಮೋಷನ್ ಎಂಪ್ಲಾಯೀಸ್ ಕಾಯ್ದೆ 1976ರಲ್ಲೇ ಬಂದಿತ್ತು. ಕಾರ್ಮಿಕರ ಪರಿಹಾರದ 1923ರ ಕಾಯ್ದೆ ರೆಪ್‌ಗಳಿಗೂ ಅನ್ವಯ ಅಂತ ಅದರಲ್ಲೇ ಇತ್ತು. ಗಾಡಿ ಯಾರ ಹೆಸರಲ್ಲಿದೆ ಅನ್ನುವುದರ ಮೇಲೆ ಆ ಪರಿಹಾರ ನಿಂತಿಲ್ಲ. ಅಪಘಾತ ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಆಯಿತಾ ಅನ್ನುವುದೇ ಮುಖ್ಯ. ನಾನು ಒಂಬತ್ತು ವರ್ಷ ರೆಪ್ ಆಗಿದ್ದೆ. ಒಬ್ಬರೂ ಇದನ್ನು ನನಗೆ ಹೇಳಲಿಲ್ಲ. "ಗಾಡಿ ನಿಂದಲ್ವಾ" ಅಂದರು, ನಾನೂ ಹೌದಲ್ಲ ಅಂದುಕೊಂಡೆ.

ಈ ಎರಡೂ ಕಾಯ್ದೆಗಳು 2020ರ ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿವೆ. ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಮನೆಯಿಂದ ಕೆಲಸಕ್ಕೆ ಹೋಗುವಾಗ, ಬರುವಾಗ ಆದ ಅಪಘಾತವೂ, ಕೆಲಸಕ್ಕೆ ನಂಟಿದೆ ಅಂತ ತೋರಿಸಿದರೆ, ಕೆಲಸದ ಅಪಘಾತವೇ ಅಂತ ಅದರಲ್ಲಿದೆ. ಅದಕ್ಕೂ ಮೊದಲು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ 1923ರ ಹಳೇ ಕಾಯ್ದೆಗೂ ಇದೇ ಅರ್ಥ ಕೊಟ್ಟಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರ, ಬೆಳಗಿನ ಜಾವ ಮೂರರ ಪಾಳಿಗೆ ಹೋಗುತ್ತಿದ್ದವನು, ಕಾರ್ಖಾನೆಗೆ ಐದು ಕಿಲೋಮೀಟರ್ ಇರುವಾಗ ಸತ್ತಿದ್ದ. ಸತ್ತದ್ದು 2003ರಲ್ಲಿ. ತೀರ್ಪು ಬಂದದ್ದು 22 ವರ್ಷದ ಮೇಲೆ.

ಪರಿಹಾರದ ಲೆಕ್ಕವನ್ನೂ ಒಮ್ಮೆ ನೋಡಿ. ಸತ್ತರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಾರೆ. ಆದರೆ 2020ರಲ್ಲಿ ನಿಗದಿಯಾದ ಮಿತಿಯ ಪ್ರಕಾರ, ಸಂಬಳ 40 ಸಾವಿರ ಇದ್ದರೂ ಲೆಕ್ಕಕ್ಕೆ ಹಿಡಿಯುವುದು 15 ಸಾವಿರ. ಆ ಲೆಕ್ಕದಲ್ಲಿ 30 ವರ್ಷದವನಿಗೆ ಸುಮಾರು 15 ಲಕ್ಷದ 60 ಸಾವಿರ ಬರುತ್ತದೆ.

ಇದೆಲ್ಲ ಬಿದ್ದ ಮೇಲಿನ ಮಾತು. ಬೀಳದಿರಲಿ ಅಂತ ಏನಿದೆ? ಬಸ್ಸು ಲಾರಿ ಡ್ರೈವರುಗಳಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬಿಡುವು ಅಂತಾದರೂ ಬರೆದಿತ್ತು. ಪಾಲನೆ ಬೇರೆ ಮಾತು. ಆದರೆ ದಿನಕ್ಕೆ ನೂರು ಕಿಲೋಮೀಟರ್ ಬೈಕ್ ಓಡಿಸುವ ರೆಪ್, ಫೈನಾನ್ಸ್ ಕಲೆಕ್ಷನ್ ಹುಡುಗ, ಮೊಬೈಲ್ ಟವರ್ ಟೆಕ್ನಿಷಿಯನ್, ಇವರು ಯಾರ ಲೆಕ್ಕದಲ್ಲೂ ಡ್ರೈವರುಗಳಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನೂರಕ್ಕೆ 44ಕ್ಕಿಂತ ಜಾಸ್ತಿ ಜನ ದ್ವಿಚಕ್ರದವರು. ಹೆಲ್ಮೆಟ್ ಇತ್ತಾ, ಸ್ಪೀಡ್ ಇತ್ತಾ, ಹೊಸ ಗಾಡಿಯಾ ಹಳೇದಾ, ಎಲ್ಲಕ್ಕೂ ಸರ್ಕಾರದ ವರದಿಯಲ್ಲಿ ಕೋಷ್ಟಕ ಇದೆ. ಯಾರ ಕೆಲಸದ ಮೇಲೆ ಹೋಗುತ್ತಿದ್ದರು ಅನ್ನುವುದಕ್ಕೆ ಕಾಲಂ ಇಲ್ಲ.

ನಮ್ಮ ಹುಡುಗರದ್ದೂ ತಪ್ಪಿದೆ, ಒಪ್ಪುತ್ತೇನೆ. ಹೆಲ್ಮೆಟ್ ಟ್ಯಾಂಕಿನ ಮೇಲಿಟ್ಟುಕೊಂಡು ಹೋಗುವ ಮಹಾನುಭಾವರು ನನಗೂ ಗೊತ್ತು. ಆದರೆ ಹುಷಾರಾಗಿ ಹೋಗು ಅಂತ ಬಾಯಲ್ಲಿ ಹೇಳಿ, ಹುಷಾರಾಗಿ ಹೋದರೆ ಮುಗಿಯದ ರೂಟ್ ಕೊಟ್ಟರೆ ಹೇಗೆ?

ಇಲ್ಲಿಗೆ ನಿಲ್ಲಿಸಿದರೆ ನಾನು ಸಾಚಾ ಅನ್ನಿಸಿಕೊಳ್ಳುತ್ತೇನೆ. ಆದರೆ ಈಗ ನಾನೇ ಸಣ್ಣ ಸ್ಟಾಕಿಸ್ಟು. ಮೂವರು ಡೆಲಿವರಿ ಹುಡುಗರಿದ್ದಾರೆ. ಮೂವರದ್ದೂ ಸ್ವಂತ ಬೈಕು. ಹೋದ ಮಳೆಗಾಲ ಹೊನ್ನಾಳಿ ಲೈನಿನ ಹುಡುಗ "ಅಣ್ಣ, ಹಿಂದಿನ ಟೈರು ನುಣ್ಣಗಾಗಿದೆ" ಅಂದ. ನಾನು ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಸಂಬಳದಲ್ಲಿ ಹಿಡಿದುಕೊಂಡೆ. ದೊಡ್ಡ ಉಪಕಾರ ಮಾಡಿದವನ ಹಾಗೆ. ರಾತ್ರಿ ಮಲಗಿದಾಗ ಆ 48 ಕಿಲೋಮೀಟರ್ ನೆನಪಾಯಿತು.

ಆಮೇಲೆ ಅವರ ಗಾಡಿಗಳ ಇನ್ಶೂರೆನ್ಸ್ ತೆಗೆದು ಓದಿದೆ. ಸರಕು ಸಾಗಿಸಲು ಬಳಸುವ ಹಾಗಿಲ್ಲ, ಸ್ಯಾಂಪಲ್ ಮತ್ತು ಸ್ವಂತ ಲಗೇಜ್ ಮಾತ್ರ ಪರವಾಗಿಲ್ಲ ಅಂತ ಸಣ್ಣಕ್ಷರದಲ್ಲಿತ್ತು. ರೆಪ್ ಆಗಿದ್ದಾಗ ನನ್ನ ಬ್ಯಾಗಿನಲ್ಲಿದ್ದದ್ದು ಸ್ಯಾಂಪಲ್. ಈ ಹುಡುಗರ ಸೀಟಿನ ಮೇಲೆ ಕಟ್ಟಿರುವುದು ನನ್ನ ಸರಕು. ಹೊನ್ನಾಳಿ ಹತ್ತಿರ ಏನಾದರೂ ಆದರೆ ಅವನ ಇನ್ಶೂರೆನ್ಸಿನವರೂ ಕೈ ಎತ್ತಬಹುದು, ನಾನೂ "ಗಾಡಿ ನಿಂದಲ್ವಾ" ಅನ್ನಬಹುದು. ಎಂಥಾ ವ್ಯವಸ್ಥೆ!

ಮೂವರ ಹೆಸರಲ್ಲೂ ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ ಮಾಡಿಸಿದೆ. ನ್ಯಾಮತಿ, ಹೊನ್ನಾಳಿ ಆರ್ಡರುಗಳನ್ನು ಮಧ್ಯಾಹ್ನ ಎರಡಕ್ಕೆ ಬಂದ್ ಮಾಡಿದ್ದೇನೆ. ಆಮೇಲೆ ಬಂದದ್ದು ನಾಳೆಗೆ. ಎರಡು ಮೆಡಿಕಲ್ ಶಾಪ್‌ನವರು ಬೇಜಾರಾಗಿ ಬೇರೆ ಸ್ಟಾಕಿಸ್ಟ್ ಹಿಡಿದರು. ಗಾಡಿಗಳನ್ನು ಅಂಗಡಿ ಹೆಸರಿಗೇ ತೆಗೆದುಕೊಳ್ಳುವಷ್ಟು ಶಕ್ತಿ ಇನ್ನೂ ಬಂದಿಲ್ಲ, ಸುಳ್ಳು ಯಾಕೆ ಹೇಳಲಿ.

ಟೈರಿನ ದುಡ್ಡನ್ನೂ ಹುಡುಗನಿಗೆ ವಾಪಸ್ ಕೊಟ್ಟೆ. ಲೆಕ್ಕ ಬರೆಯುವ ಹುಡುಗ ಟ್ಯಾಲಿ ತೆರೆದು ಕೂತವನು ತಲೆ ಎತ್ತಿದ. "ಸಾರ್, ಇದನ್ನ ಯಾವ ಹೆಡ್‌ಗೆ ಹಾಕ್ಲಿ? ಗಾಡಿ ನಮ್ದಲ್ವಲ್ಲ."

ಡೆಲಿವರಿ ಖರ್ಚು ಅಂತ ಹಾಕು ಅಂದೆ.