ಹಾರಕ್ಕೊಂದು ಕೊರಳು

ಕೊಪ್ಪಳದ ಅಶೋಕ ಸರ್ಕಲ್‌ನಲ್ಲಿ ನಮ್ಮ ಬಸ್ಸು ನಿಂತಿದ್ದು ಸೇಬಿನ ಕಾರಣಕ್ಕೆ. ಮುಂದೆ ಕ್ರೇನ್ ಅಡ್ಡ ನಿಂತಿತ್ತು. ಅದರ ಕೊಕ್ಕೆಗೆ ಸೇಬಿನ ಹಾರ ನೇತಾಡುತ್ತಿತ್ತು. ಹಾರ ಹಾಕಿಸಿಕೊಳ್ಳಬೇಕಾದವರು ಇನ್ನೂ ಗಿಣಿಗೇರಿ ಹತ್ತಿರ ಇದ್ದರಂತೆ. ಯಾವುದೋ ನಿಗಮದ ಅಧ್ಯಕ್ಷರಾಗಿ ಮೊದಲ ಸಲ ಜಿಲ್ಲೆಗೆ ಬರುತ್ತಿದ್ದಾರೆ ಅಂತ ಕಂಡಕ್ಟರ್ ಹೇಳಿದ. ಯಾವ ನಿಗಮ ಅಂತ ಅವನಿಗೂ ಗೊತ್ತಿರಲಿಲ್ಲ. ಕ್ರೇನಿನ ಕೆಳಗೆ ಹಲಗೆ ಬಾರಿಸುತ್ತಿದ್ದವರಿಗೂ ಗೊತ್ತಿರಲಿಕ್ಕಿಲ್ಲ. ನನಗೆ ಹತ್ತು ಗಂಟೆಗೆ ಕಾಲೇಜಿನಲ್ಲಿ ಇಂಟರ್ನಲ್ಸ್ ಪರೀಕ್ಷೆ ಇತ್ತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಸೀಟು ಹೆಂಗಸರದು, ಟಿಕೆಟ್ಟು ಗಂಡಸರದು. ನಾನು ಟಿಕೆಟ್ ತಗೊಂಡು ಬಾಗಿಲಲ್ಲಿ ನಿಂತಿದ್ದೆ. ಮುಂದಿನ ಸೀಟಿನ ಮುದುಕಿಯೊಬ್ಬಳು ಕೇಳಿದಳು.

"ಏನ್ ನಡದೈತೋ ತಮ್ಮಾ ಅಲ್ಲಿ?"

"ಹಾರ ಹಾಕಾಕ ನಿಂತಾರ ಯಮ್ಮಾ."

"ಯಾರಿಗೆ?"

"ಅವ್ರಿನ್ನೂ ಬಂದಿಲ್ಲ."

"ಬರೂದ್ರಾಗ ನಮಗೊಂದೊಂದು ಹಂಚ್ರಿ ಅಂತ ಹೇಳು ಹೋಗು. ಸಕ್ಕರಿ ಗುಳಗಿ ನುಂಗಿ ಹೊಂಟೀನಿ, ಹೊಟ್ಟಿ ಖಾಲಿ ಐತಿ."

ಬಾಗಿಲಲ್ಲಿ ನಿಂತು ಆ ಹಾರ ನೋಡುತ್ತಾ ನನಗೊಂದು ವಿಚಾರ ಹೊಳೆಯಿತು. ನಮ್ಮ ಕಡೆಯ ರಾಜಕೀಯ ಎಲ್ಲಿಂದ ಎಲ್ಲಿಗೆ ಬಂತು ಅನ್ನೋದನ್ನು ಹಾರ ನೋಡಿಯೇ ಹೇಳಬಹುದು. ಅದನ್ನು ಬಿಡಿಸಿ ಹೇಳ್ತೀನಿ. ಅದಕ್ಕೂ ಮೊದಲು ನಮ್ಮ ಕಾಕಾನ ಹಾರದ ಸುದ್ದಿ ಹೇಳಿಬಿಡಬೇಕು. ಅದಿಲ್ಲದೆ ಇದು ಅರ್ಥ ಆಗಲ್ಲ.

ನಮ್ಮೂರು ಗಂಗಾವತಿ ತಾಲೂಕಿನಲ್ಲಿದೆ, ಆನೆಗೊಂದಿಗೆ ಹತ್ತಿರ. ಕಾಕಾ ಯಾವ ಪಕ್ಷದಲ್ಲಿದ್ದಾನೆ ಅಂತ ಕೇಳಬೇಡಿ. ಅವನು ಸ್ವಾಗತ ಸಮಿತಿಯಲ್ಲಿದ್ದಾನೆ. ಸರ್ಕಾರ ಬದಲಾಗುತ್ತದೆ, ಸ್ವಾಗತ ಸಮಿತಿ ಬದಲಾಗುವುದಿಲ್ಲ. 2019ರಲ್ಲಿ ಡಿ.ಕೆ. ಶಿವಕುಮಾರ್ ದೆಹಲಿಯಿಂದ ಬೆಂಗಳೂರಿಗೆ ವಾಪಸ್ ಬಂದಾಗ ಸೇಬಿನ ಹಾರ ಹಾಕಿದ್ದನ್ನು ಟಿವಿಯಲ್ಲಿ ನೋಡಿದನಲ್ಲ, ಅವತ್ತಿನಿಂದ ಕಾಕಾನಿಗೆ ಚೆಂಡುಹೂವು ರುಚಿಸಲಿಲ್ಲ. ಮುಂದೆ ನಾನು ಪಿಯುಸಿಯಲ್ಲಿದ್ದಾಗ ಊರಿಗೆ ಒಬ್ಬ ದೊಡ್ಡ ನಾಯಕರು ಬರುವುದು ಗೊತ್ತಾಯಿತು. ಕಾಕಾ ಪಟ್ಟಿ ಎತ್ತಿದ, ಅಂದರೆ ಚಂದಾ. ರಸಗೊಬ್ಬರ ಅಂಗಡಿಯವರು ಕೊಟ್ಟರು, ರೈಸ್ ಮಿಲ್ಲಿನವರು ಕೊಟ್ಟರು, ನಮ್ಮಪ್ಪ ಬೈದುಕೊಂಡು ಕೊಟ್ಟ.

ಹಿಂದಿನ ರಾತ್ರಿ ಸಮುದಾಯ ಭವನದಲ್ಲಿ ನಾವು ಹುಡುಗರು ಪೋಣಿಸಲು ಕುಳಿತೆವು. ಸೇಬಿಗೆ ದಬ್ಬಣ ಸರಿಯಾಗಿ ಹೋಗುವುದಿಲ್ಲ. ಸೈಕಲ್ ಕಡ್ಡಿ ಚೂಪು ಮಾಡಿ ಚುಚ್ಚಬೇಕು, ಆ ತೂತಿನಲ್ಲಿ ತಂತಿ ಎಳೆಯಬೇಕು, ತಂತಿಯನ್ನು ದಪ್ಪ ಹಗ್ಗಕ್ಕೆ ಬಿಗಿದು ಸುತ್ತಬೇಕು. ಚುಚ್ಚಿದ ಜಾಗ ಸ್ವಲ್ಪ ಹೊತ್ತಿಗೇ ಕಂದಾಗುತ್ತದೆ. ಅದು ಕಾಣದ ಹಾಗೆ ಒಳಗೆ ತಿರುಗಿಸಬೇಕು. ಹಣ್ಣು ಬಹಳ ಸಣ್ಣವು. ದೊಡ್ಡ ಹಣ್ಣು ಕೆಜಿಗೆ ನಾಲ್ಕೈದೇ ಬರುತ್ತವೆ, ಹಾರ ಉದ್ದ ಆಗುವುದಿಲ್ಲ ಅಂತ ಹಣ್ಣಿನ ಅಂಗಡಿಯವರೇ ಬುದ್ಧಿ ಹೇಳಿದ್ದರು. ಒಂದೊಂದು ಹಣ್ಣಿಗೂ ಒಂದು ಪುಟ್ಟ ಸ್ಟಿಕರ್ ಇತ್ತು. ಅದನ್ನು ಕೀಳಬೇಕೋ ಬಿಡಬೇಕೋ ಅಂತ ದೊಡ್ಡ ಚರ್ಚೆ ಆಯಿತು. ಕೊನೆಗೆ ಕಾಕಾ, "ಇರ್ಲಿ ಬಿಡ್ರಲೇ, ಫಾರಿನ್ ಮಾಲ್ ಅಂತ ಗೊತ್ತಾಗ್ಲಿ" ಅಂದ. ಬೆಳಗಿನ ಜಾವದ ಹೊತ್ತಿಗೆ ನಮ್ಮ ಬೆರಳೆಲ್ಲ ಅಂಟಂಟು. ತಿನ್ನಲು ಮಾತ್ರ ಒಂದೂ ಕೊಡಲಿಲ್ಲ.

ಗಂಗಾವತಿಯಿಂದ ಕ್ರೇನ್ ಬಂತು. ಊರ ಬಾಗಿಲಿನ ಆಲದ ಮರದ ಹತ್ತಿರ ನಿಲ್ಲಿಸಿ ಹಾರ ಎತ್ತಿದರು. ಚೆನ್ನಾಗಿಯೇ ಕಂಡಿತು, ಸುಳ್ಳು ಯಾಕೆ ಹೇಳಲಿ. ನಾಯಕರು ಬರುವುದು ಹತ್ತಕ್ಕೆ ಅಂತ ಇತ್ತು. ಹತ್ತಕ್ಕೆ ಫೋನ್ ಮಾಡಿದರೆ "ಸ್ನಾನ ಮಾಡಾಕತ್ತಾರ" ಅಂದರು. ಹನ್ನೊಂದಕ್ಕೆ "ಹೊಂಟಾರ." ಹನ್ನೆರಡಕ್ಕೆ ದಾರಿಯಲ್ಲೊಂದು ಮದುವೆ. ಒಂದಕ್ಕೆ ಊಟ. ಬಿಸಿಲಿಗೆ ಜನ ಕರಗಿ ಗುಡಿಯ ಕಟ್ಟೆ ಸೇರಿದರು. ಹಲಗೆಯವರು ಹಲಗೆಯನ್ನೇ ತಲೆದಿಂಬು ಮಾಡಿಕೊಂಡರು. ಕ್ರೇನ್ ಡ್ರೈವರ್ ಕ್ಯಾಬಿನ್ನಿನಲ್ಲಿ ನಿದ್ದೆ ಹೋದ.

ಆಗ ಮೊದಲನೇ ಮಂಗ ಬಂತು. ನಮ್ಮಲ್ಲಿಂದ ಅಂಜನಾದ್ರಿ ದೂರವಿಲ್ಲ. ಅಲ್ಲಿಯ ಮಂಗಗಳಿಗೆ ಬಾಳೆಹಣ್ಣು, ಕೊಬ್ಬರಿ ಬೇಕಾದಷ್ಟು ಸಿಗುತ್ತವೆ. ಸೇಬು ಇಷ್ಟು ರಾಶಿಯಾಗಿ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಮಂಗ ಕ್ರೇನಿನ ತೋಳಿನ ಮೇಲೆ ಕುಳಿತು ಸುಮ್ನೆ ನೋಡಿತು. ಒಂದು ಹಣ್ಣು ಮುಟ್ಟಿ ನೋಡಿತು. ಸ್ಟಿಕರ್ ಕಿತ್ತು ಬಿಸಾಡಿತು. ನಾವು ರಾತ್ರಿಯೆಲ್ಲ ಚರ್ಚೆ ಮಾಡಿದ ಪ್ರಶ್ನೆಯನ್ನು ಅದು ಒಂದೇ ಕ್ಷಣಕ್ಕೆ ಬಗೆಹರಿಸಿತು. ನಾವು ಕೂಗಿದೆವು. ಡ್ರೈವರ್ ಗಾಬರಿಯಿಂದ ಎದ್ದವನು ಹಾರ ಉಳಿಸಲು ತೋಳನ್ನು ಇನ್ನೂ ಮೇಲಕ್ಕೆ ಎತ್ತಿಬಿಟ್ಟ. ಅದು ಆಲದ ಕೊಂಬೆಗಳ ಸಮಕ್ಕೆ ಬಂತು. ಕೊಂಬೆಯಲ್ಲಿ ಇಡೀ ಬಳಗವೇ ಕಾದು ಕುಳಿತಿತ್ತು.

ಒಬ್ಬ ಬಡಿಗೆ ತಂದ. ಹಿರಿಯರೊಬ್ಬರು ಅವನ ಕೈ ಹಿಡಿದರು. "ಹೊಡೀಬ್ಯಾಡೋ, ಹನುಮಪ್ಪನ ಮಂದಿ ಅವು" ಅಂದರು. ನಮ್ಮ ಕಡೆ ಈ ಮಾತಿಗೆ ಎದುರು ಮಾತಿಲ್ಲ. ಕಾಕಾ ಕೈ ಮುಗಿದ, ಬೈದ, ಮತ್ತೆ ಕೈ ಮುಗಿದ. ಅವು ಒಂದೊಂದು ಹಣ್ಣನ್ನು ಒಂದೇ ಸಲ ಕಚ್ಚಿ ಕೆಳಗೆ ಎಸೆಯುತ್ತಿದ್ದವು. ಊರಿನ ಮಕ್ಕಳು ಕಚ್ಚದೇ ಬಿದ್ದ ಹಣ್ಣು ಹುಡುಕಿ ಆರಿಸಿಕೊಳ್ಳುತ್ತಿದ್ದರು. ಪಟ್ಟಿ ಕೊಟ್ಟವರಲ್ಲಿ ಯಾರ ಮನೆಗಾದರೂ ಅದು ಮುಟ್ಟಿದ್ದರೆ ಹೀಗೇ ಮುಟ್ಟಿರಬೇಕು.

ನಾಯಕರು ನಾಲ್ಕು ಗಂಟೆಗೆ ಬಂದರು. ಕೊಕ್ಕೆಯ ಹತ್ತಿರ ಒಂದು ಮೊಳದಷ್ಟು ಹಾರ ಉಳಿದಿತ್ತು. ಕೆಳಗೆ ಬರೀ ಹಗ್ಗ, ತಂತಿ. ಅವರು ಗಾಡಿಯ ಮೇಲೆ ನಿಂತು ಮೇಲೆ ನೋಡಿದರು, ಏನೂ ಕೇಳಲಿಲ್ಲ, ಕೈ ಮುಗಿದರು. ಫೋಟೋದವನು ನೆಲದ ಮೇಲೆ ಕೂತು ಅಷ್ಟೇ ಭಾಗ ಬರುವ ಹಾಗೆ ತೆಗೆದ. ಮರುದಿನ ಜಿಲ್ಲಾ ಪುಟದಲ್ಲಿ ಬಂದಿತ್ತು, "ಬೃಹತ್ ಸೇಬಿನ ಹಾರ ಹಾಕಿ ಅದ್ದೂರಿ ಸ್ವಾಗತ" ಅಂತ. ಕಾಕಾ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ.

ಆಮೇಲೆ ಬಂದದ್ದು ಲೆಕ್ಕ. ಹಣ್ಣು ಸೋವಿಯಾಗಿತ್ತು, ಕ್ರೇನ್ ಅಲ್ಲ. ಕ್ರೇನಿಗೆ ಗಂಟೆ ಲೆಕ್ಕ. ಬೆಳಗ್ಗೆಯಿಂದ ಸಂಜೆವರೆಗೆ ನಿಂತ ಬಾಡಿಗೆ ಹಣ್ಣಿನ ದುಡ್ಡನ್ನೂ ಮೀರಿತು. ಅಂದರೆ ಪಟ್ಟಿ ದುಡ್ಡಿನಲ್ಲಿ ಹೆಚ್ಚು ಭಾಗ ಖರ್ಚಾಗಿದ್ದು ನಾಯಕರಿಗೆ ಹಾರ ಹಾಕಲು ಅಲ್ಲ, ನಾಯಕರಿಗಾಗಿ ಕಾಯಲು. ಈಗ ಬಿಕಾಂನಲ್ಲಿ ನಮಗೆ ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್ ಅಂತ ಪಾಠ ಇದೆ. ಆಗೇ ಆಗುವ ನಷ್ಟ ನಾರ್ಮಲ್, ಎಣಿಸದೇ ಆಗುವ ನಷ್ಟ ಅಬ್ನಾರ್ಮಲ್. ಮಂಗ ತಿಂದಿದ್ದನ್ನು ಯಾವುದರಲ್ಲಿ ಬರೆಯೋದು ಅಂತ ಮೇಡಂ ಅವರನ್ನು ಕೇಳಬೇಕು ಅನ್ನಿಸುತ್ತದೆ, ಧೈರ್ಯ ಬಂದಿಲ್ಲ. ಆನೆಗೊಂದಿ ಕಡೆ ಅದು ನಾರ್ಮಲ್ಲೇ ಇರಬೇಕು.

ಹಾಂ, ವಿಚಾರಕ್ಕೆ ಬರೋಣ.

ನಮ್ಮಜ್ಜನ ಕಾಲಕ್ಕೆ ನೂಲಿನ ಲಡಿಯೇ ಹಾರ. ಆಮೇಲೆ ಚೆಂಡುಹೂವು, ಸುಗಂಧರಾಜ ಬಂದವು. ಸ್ವಲ್ಪ ಅನುಕೂಲಸ್ಥರಾದರೆ ಹಾವೇರಿಯಿಂದ ಏಲಕ್ಕಿ ಹಾರ ತರಿಸುತ್ತಿದ್ದರು. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು ನಿಂತಾಗ ಅಜ್ಜ ಸುಮ್ನೆ ನೋಡಲು ಹೋಗಿದ್ದನಂತೆ. ಓಟು ಅಲ್ಲಿಲ್ಲ, ಕೆಲಸವೂ ಇಲ್ಲ, ಹೋಗಿದ್ದ. ಸುಷ್ಮಾ ಅವರು ಕನ್ನಡ ಕಲಿತು ಮಾತಾಡಿದ್ದು ಅವನಿಗೆ ಇವತ್ತಿಗೂ ಹೆಚ್ಚುಗಾರಿಕೆ. ಗೆದ್ದದ್ದು ಮಾತ್ರ ಸೋನಿಯಾ. "ಆಗಿನ ಕಾಲ ಚೊಲೋ ಇತ್ತಲ್ಲ ಅಜ್ಜಾ, ಹೇಳಿದ ಟೈಮಿಗೆ ಬರ್ತಿದ್ರೇನು?" ಅಂತ ಕೇಳಿದೆ. "ಆಗೂ ತಡಾನ ಬರ್ತಿದ್ರಪ. ನಮಗ ಬ್ಯಾರೆ ಕೆಲಸ ಇರ್ಲಿಲ್ಲ" ಅಂದ. ಹಿಂದಿನ ಕಾಲ ಒಳ್ಳೆಯದಿತ್ತು ಅಂತ ಬರೆಯುವ ನನ್ನ ಆಸೆ ಅಲ್ಲಿಗೆ ಮುಗಿಯಿತು.

ಸೇಬಂತೂ ನಮ್ಮದಲ್ಲ. ಹಿಮಾಚಲ, ಕಾಶ್ಮೀರದಿಂದ ಲಾರಿ ಹತ್ತಿ ಬರಬೇಕು. ನಮ್ಮ ಜಿಲ್ಲೆಯಲ್ಲಿ ಹಣ್ಣಿಗೇನು ಬರವಾ? ಕುಷ್ಟಗಿ ಕಡೆ ದಾಳಿಂಬೆ ಇದೆ. ಬೇಸಿಗೆಗೆ ಕೊಪ್ಪಳದಲ್ಲಿ ತೋಟಗಾರಿಕೆ ಇಲಾಖೆಯವರು ಮಾವಿನ ಮೇಳ ಮಾಡುತ್ತಾರೆ. ಪೇರಲ, ಪಪ್ಪಾಯಿ ಇವೆ. ಆಚೆ ಬಳ್ಳಾರಿ ಕಡೆ ಅಂಜೂರ, ಮೆಣಸಿನಕಾಯಿ. ಇದನ್ನು ಕಾಕಾನಿಗೆ ಹೇಳಿದೆ. ಮಾವು ಚುಚ್ಚಿದರೆ ರಸ ಸೋರುತ್ತದೆ, ನಾಯಕರ ಬಿಳಿ ಅಂಗಿ ಏನಾಗಬೇಕು ಅಂದ. ದಾಳಿಂಬೆ ದುಬಾರಿ. "ಪ್ಯಾರ್ಲಹಣ್ಣಿನ ಹಾರ ಹಾಕಿದ್ರ ಅವರ ಮರ್ಯಾದಿ ಏನ್ ಉಳೀತೈತೋ" ಅಂದ. ಮೆಣಸಿನಕಾಯಿ ಅಂದಾಗ ಸ್ವಲ್ಪ ಹೊತ್ತು ಯೋಚನೆ ಮಾಡಿದ, ದೃಷ್ಟಿಯೂ ತಾಗಲ್ಲ ಅಂತ. ಆಮೇಲೆ ತಲೆ ಅಲ್ಲಾಡಿಸಿದ.

ನನಗೆ ಸಿಟ್ಟು ಬರುವುದು ಹಣ್ಣಿನ ಮೇಲಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರೂರಿನಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ನಮ್ಮವ್ವನೂ ಬಡಿದು ಕಳಿಸುತ್ತಾಳೆ. ಆಗಲೂ ಬಸ್ಸು ತಾಸುಗಟ್ಟಲೆ ನಿಲ್ಲುತ್ತದೆ, ನನಗೆ ಏನೂ ಅನ್ನಿಸುವುದಿಲ್ಲ. ಕ್ರೇನಿನ ಮೇಲೂ ಸಿಟ್ಟಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ನಮ್ಮೂರಲ್ಲಿ ಯಾರಿಗೂ ಊಟ ಸೇರಲಿಲ್ಲ. ಎಡದಂಡೆ ಕಾಲುವೆ ನೀರಿಲ್ಲ ಅಂದರೆ ಭತ್ತ ಇಲ್ಲ, ಭತ್ತ ಇಲ್ಲ ಅಂದರೆ ನನ್ನ ಫೀಸಿಲ್ಲ. ಹರಿಯುವ ನೀರಿನಲ್ಲೇ ಕ್ರೇನಿನಿಂದ ಸ್ಟಾಪ್‌ಲಾಗ್ ಅನ್ನೋ ಉಕ್ಕಿನ ತಡೆಹಲಗೆ ಇಳಿಸಿ ಒಂದು ವಾರದೊಳಗೆ ನೀರು ತಡೆದರು. ನಾವೆಲ್ಲ ಮೊಬೈಲ್ ಹಿಡಿದು ಉಸಿರು ಬಿಗಿಹಿಡಿದು ನೋಡಿದೆವು. ಹಾರ ಹಾಕಬೇಕಿದ್ದರೆ ಆ ಕ್ರೇನಿಗೆ ಹಾಕಬೇಕಿತ್ತು.

ಇನ್ನು ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಬಹಳ ಜನ ಅತಿಥಿ ಉಪನ್ಯಾಸಕರು. ವರ್ಷಗಟ್ಟಲೆ ಅತಿಥಿಗಳಾಗಿಯೇ ಇರುತ್ತಾರೆ. ಸಂಬಳಕ್ಕೆ, ಕಾಯಂಮಾತಿಗೆ ಅವರೇ ರಸ್ತೆಗೆ ಇಳಿಯಬೇಕು. ಊರಿಗೆ ಬರುವ ಅತಿಥಿಗಳಿಗೆಲ್ಲ ಹಾರ ಇದೆ, ಇವರಿಗೆ ಮಾತ್ರ ಇಲ್ಲ.

ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗಳಿಗೆ 2016ರಲ್ಲಿ ಚುನಾವಣೆ ಆಗಿತ್ತು. ಆಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷಗಳೇ ಉರುಳಿದವು. 2024ರ ಮೇ 7ರ ಬಿಸಿಲಲ್ಲಿ ನಿಂತು ದೆಹಲಿಗೆ ಹೋಗುವವರಿಗೆ ಓಟು ಹಾಕಿ ಬಂದವನು ನಾನು. ಕೊಪ್ಪಳದಲ್ಲಿ ಕೂರುವವರಿಗೆ ಓಟು ಹಾಕುವ ಭಾಗ್ಯ ಬಂದಿಲ್ಲ. ಮೊದಲಾದರೆ ಹಾರಗಳು ಹಂಚಿಹೋಗುತ್ತಿದ್ದವು. ಜಿಲ್ಲಾ ಪಂಚಾಯ್ತಿ ಸದಸ್ಯರಿಗೊಂದು, ತಾಲೂಕು ಸದಸ್ಯರಿಗೊಂದು, ಅವರ ಮಾವನಿಗೊಂದು. ಈಗ ಅಷ್ಟೂ ಹಾರ ಸೇರಿ ಒಂದೇ ಕೊರಳು ಹುಡುಕಿಕೊಂಡು ಬಂದರೆ ಕ್ರೇನ್ ಬೇಡವೇ ಮತ್ತೆ?

ಇದೇ ಆ ವಿಚಾರ ಇರಬೇಕು. ಆದರೆ ಬಸ್ಸಿನ ಬಾಗಿಲಲ್ಲಿ ಹೊಳೆದಾಗ ಇದಕ್ಕಿಂತ ಚೆನ್ನಾಗಿತ್ತು ಅಂತ ನೆನಪು. ಇಂಟರ್ನಲ್ಸ್‌ನಲ್ಲಿ ಬರೆಯಲು ಕೂತಾಗ ಮರೆತುಹೋಯಿತು. ಉತ್ತರವೂ ಮರೆತುಹೋಯಿತು, ಅದು ಬೇರೆ.

ಕಾಕಾ ನಿನ್ನೆ ಫೋನ್ ಮಾಡಿದ್ದ. ಯಾರಿಗೋ ಯಾವುದೋ ಮಂಡಳಿ ಸಿಗುವ ಸುದ್ದಿ ಇದೆಯಂತೆ. ಈ ಸಲ ಸೇಬು ಬೇಡ, ಮೋಸಂಬಿ ಅಂದ. ಆಲದ ಮರ ಬೇಡ, ಬಸ್‌ಸ್ಟ್ಯಾಂಡ್ ಹತ್ತಿರ ಬಯಲಿನಲ್ಲಿ ನಿಲ್ಲಿಸೋಣ ಅಂದ. ಕ್ರೇನಿನವನ ಹತ್ತಿರ ಗಂಟೆ ಲೆಕ್ಕ ಬಿಟ್ಟು ದಿನದ ಲೆಕ್ಕ ಮಾತಾಡಿದ್ದಾನಂತೆ.

"ನೀ ಬಿಕಾಂ ಓದಾಕತ್ತೀದಿ. ಈ ಸರ್ತಿ ಪಟ್ಟಿ ಪುಸ್ತಕ ನೀನ ಬರಿ" ಅಂದ.

"ಕಾಕಾ, ನಂದು ಸೆಮಿಸ್ಟರ್ ಪರೀಕ್ಷಾ ಐತಿ."

"ಅವ್ರು ಬರೂದು ತಡಾ ಆಗತೈತೋ. ಪರೀಕ್ಷಾ ಮುಗಿಸ್ಕೊಂಡ ಬಾ."