ಸತ್ಯಾಂಶ: ಆ ಕಲ್ಲಿನ ಹಳಿ ರೋಮನ್ನರದ್ದಲ್ಲ

ಹುಲ್ಲಿನ ಬಯಲಲ್ಲಿ ಎರಡು ಸಾಲು ಕಲ್ಲು, ಅದರಲ್ಲಿ ಗಾಲಿಯ ಜಾಡು. ‘ಇಂಗ್ಲೆಂಡಿನಲ್ಲಿ 2000 ವರ್ಷದ ಹಿಂದೆ ರೋಮನ್ ರಥಗಳು ಓಡಿ ಸವೆದ ದಾರಿ’ ಎಂದು ಈ ಫೋಟೊ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದು ನಿಜವಲ್ಲ.

ಇದು ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಗುಡ್ಡಗಾಡಿನ ಹೇಟರ್ ಟ್ರಾಮ್‌ವೇ, ಅಂದರೆ ಗಾಡಿಗಳು ಓಡುತ್ತಿದ್ದ ಹಳಿದಾರಿ. ಕ್ವಾರಿಯ ಗ್ರಾನೈಟ್ ಸಾಗಿಸಲು ಅದರ ಒಡೆಯ ಜಾರ್ಜ್ ಟೆಂಪ್ಲರ್ ಕಟ್ಟಿಸಿದ್ದು, 1820ರಲ್ಲಿ ಶುರುವಾಯಿತು. ಹಳಿಗೂ ಕಬ್ಬಿಣವಿಲ್ಲ, ಅಲ್ಲಿನದೇ ಗ್ರಾನೈಟ್.

ಕಲ್ಲನ್ನು ಹತ್ತಿರದಿಂದ ನೋಡಿ. ಗಾಲಿ ಉರುಳಲು ಸಮತಟ್ಟಾದ ಜಾಗ, ಅದು ಜಾರದಂತೆ ಪಕ್ಕದಲ್ಲೇ ಎತ್ತರದ ಅಂಚು. ದಾರಿ ಕವಲೊಡೆಯುವ ಕಡೆ ಎರಡೂ ಜಾಡನ್ನು ಕಲ್ಲಿನಲ್ಲೇ ಕಡೆದಿದ್ದಾರೆ. ಸುಮ್ನೆ ಸವೆದರೆ ಹೀಗಾಗಲ್ಲ, ಅಲ್ವಾ? ಇದು ಕಲ್ಲುಕುಟಿಗರ ಕೈಕೆಲಸ. ಆ ಶ್ರಮವನ್ನು ರಥಗಳ ಲೆಕ್ಕಕ್ಕೆ ಬರೆಯುವುದು ನನಗಂತೂ ಅನ್ಯಾಯ ಅನಿಸುತ್ತದೆ.

ತುಂಬಿದ ಗಾಡಿಗಳು ಇಳಿಜಾರಿನಲ್ಲಿ ಸ್ಟೋವರ್ ಕಾಲುವೆಗೆ ಇಳಿಯುತ್ತಿದ್ದವು. ಖಾಲಿ ಗಾಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. 1831ರಲ್ಲಿ ತೆರೆದ ಲಂಡನ್ ಸೇತುವೆಗೂ ಇಲ್ಲಿನ ಕಲ್ಲು ಹೋಗಿದೆ.

ಡಾರ್ಟ್‌ಮೂರ್‌ನಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲಿನ ಸಾಲುಗಳೂ ಇವೆ. ಆದರೆ ಅವು ನೆಟ್ಟ ಕಲ್ಲುಗಳು, ಗಾಲಿ ಓಡಿಸಲು ಹಾಸಿದ್ದಲ್ಲ.